ಬೆಳಗಿನ ಏಳು ಗಂಟೆಯ ಯೂನಿಟ್, ಮಧ್ಯಾಹ್ನದ ಯೂನಿಟ್

ಬೆಸ್ಕಾಂ ಬಿಲ್ಲಿನಲ್ಲಿ ಎಲ್ಲ ಯೂನಿಟ್ಟೂ ಒಂದೇ. ಬೆಳಗ್ಗೆ ಏಳಕ್ಕೆ ಗೀಸರ್ ಹಾಕಿದ್ದು, ಮಧ್ಯಾಹ್ನ ಫ್ಯಾನ್ ತಿರುಗಿದ್ದು, ರಾತ್ರಿ ಸ್ಕೂಟರನ್ನು ಚಾರ್ಜಿಗೆ ಇಟ್ಟದ್ದು, ಎಲ್ಲ ಸೇರಿ ತಿಂಗಳ ಕೊನೆಗೆ ಒಂದು ಅಂಕಿ. ಆದರೆ ಕರೆಂಟು ತಯಾರಿಸುವವರ ಕಡೆಯಿಂದ ನೋಡಿದರೆ ಇವು ಮೂರೂ ಬೇರೆ ಬೇರೆ ಸರಕು. ಮಧ್ಯಾಹ್ನದ ಯೂನಿಟ್ ಹೆಚ್ಚಾಗಿ ಪಾವಗಡದಂಥ ಕಡೆಯ ಬಿಸಿಲಿನದು. ರಾತ್ರಿಯದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಬೆಳಗಿನದಕ್ಕೆ ಶರಾವತಿಯ ನೀರನ್ನು ಬಿಟ್ಟಿರಬಹುದು.

ಸೋಲಾರ್ ಒಳ್ಳೇದಾ, ಕಲ್ಲಿದ್ದಲು ಒಳ್ಳೇದಾ, ಅಣು ವಿದ್ಯುತ್ ಒಳ್ಳೇದಾ ಎಂಬ ಚರ್ಚೆ ಬೆಂಗಳೂರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಒಬ್ಬರು ಯೂನಿಟ್ಟಿನ ದರ ಹೇಳುತ್ತಾರೆ, ಇನ್ನೊಬ್ಬರು ಹೊಗೆಯ ಲೆಕ್ಕ ಹೇಳುತ್ತಾರೆ. ಎರಡೂ ಬೇಕಾದ ಲೆಕ್ಕಗಳೇ. ಆದರೆ ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ಎಂದು ಕೇಳದೆ ಹೋಲಿಸಿದರೆ ಉತ್ತರ ತಪ್ಪಾಗುತ್ತದೆ ಅನ್ನುವುದು ನನ್ನ ಮಾತು.

ಮೊದಲು ಎರಡು ಅಳತೆಗಳನ್ನು ಬೇರೆ ಮಾಡಿಕೊಳ್ಳೋಣ. ಕಿಲೋವ್ಯಾಟ್ ಎಂದರೆ ಆ ಕ್ಷಣದಲ್ಲಿ ಎಷ್ಟು ಬಲ ಬೇಕು ಎಂಬುದು. ಯೂನಿಟ್ ಎಂದರೆ ಒಟ್ಟು ಎಷ್ಟು ಬಳಸಿದೆವು ಎಂಬುದು. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಒಂದು ಮೆಗಾವ್ಯಾಟ್ ಎಂದರೆ ಸಾವಿರ ಕಿಲೋವ್ಯಾಟ್. ಊರಿನಲ್ಲಿ ಒಂದು ಲಕ್ಷ ಮನೆಗಳಲ್ಲಿ ಒಂದೇ ಹೊತ್ತಿಗೆ ಗೀಸರ್ ಹಾಕಿದರೆ 200 ಮೆಗಾವ್ಯಾಟ್ ಬೇಕು. ಮನೆಯೊಂದರ ಪಾಲು ಬರೀ ಒಂದು ಯೂನಿಟ್, ಹತ್ತು ರೂಪಾಯಿಯೂ ಇಲ್ಲ. ಆದರೆ ಆ ಅರ್ಧ ಗಂಟೆಯ ಮಟ್ಟಿಗೆ ರಾಯಚೂರಿನ 210 ಮೆಗಾವ್ಯಾಟ್ ಘಟಕವೊಂದು ಹೆಚ್ಚುಕಮ್ಮಿ ಪೂರ್ತಿ ಬೆಂಗಳೂರಿನ ಸ್ನಾನಕ್ಕೇ ದುಡಿಯಬೇಕು.

ಇನ್ನೊಂದು ವಿಷಯ. ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲದಲ್ಲಿ, ಕರೆಂಟನ್ನು ತುಂಬಿಸಿಡಲು ಜಾಗವಿಲ್ಲ. ಈ ಸೆಕೆಂಡಿನಲ್ಲಿ ಬಳಸುವಷ್ಟನ್ನು ಈ ಸೆಕೆಂಡಿನಲ್ಲೇ ತಯಾರಿಸಬೇಕು. ಬಳಕೆ ಜಾಸ್ತಿಯಾದರೆ ದೇಶದುದ್ದಕ್ಕೂ ತಿರುಗುತ್ತಿರುವ ಜನರೇಟರುಗಳು ಒಂಚೂರು ನಿಧಾನವಾಗುತ್ತವೆ. ತಯಾರಿಕೆ ಜಾಸ್ತಿಯಾದರೆ ಅವುಗಳ ವೇಗ ಏರುತ್ತದೆ. ಆ ವೇಗವನ್ನು ತೋರಿಸುವ ಅಂಕಿಯೇ 50 ಹರ್ಟ್ಸ್. ನಮ್ಮ ದೇಶದ ನಿಯಮದ ಪ್ರಕಾರ ಅದು 49.90ರಿಂದ 50.05ರ ನಡುವೆ ಇರಬೇಕು. ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಎಂಜಿನಿಯರುಗಳು ಹಗಲೂ ರಾತ್ರಿ ಈ ಅಂಕಿಯ ಮೇಲೆ ಕಣ್ಣಿಟ್ಟಿರುತ್ತಾರೆ. ಯಾವ ಘಟಕವನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಹೇಳುವವರು ಅವರು. ಅವರ ಮೇಜಿನಿಂದ ನೋಡಿದಾಗ ಒಂದೊಂದು ಮೂಲದ ಗುಣವೂ ಬೇರೆಯಾಗಿ ಕಾಣುತ್ತದೆ.

ನೀರು

ಬೆಂಗಳೂರಿನ ಕರೆಂಟಿನ ಕತೆ ಶುರುವಾಗುವುದೇ ನೀರಿನಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಶುರು ಮಾಡಿತು. ಅದರ ಮೊದಲ ಗಿರಾಕಿ ಬೆಂಗಳೂರಲ್ಲ, ಕೋಲಾರದ ಚಿನ್ನದ ಗಣಿ. ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದರು, ಆ ಕಾಲಕ್ಕೆ ಅದು ದೊಡ್ಡ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿತು.

ನೀರಿನಿಂದ ಎಷ್ಟು ಕರೆಂಟು ಬರುತ್ತದೆ? ಲೆಕ್ಕ ಸುಲಭ. ಸಾವಿರ ಲೀಟರ್ ನೀರು 400 ಮೀಟರ್ ಎತ್ತರದಿಂದ ಬಿದ್ದು ಟರ್ಬೈನ್ ತಿರುಗಿಸಿದರೆ ಸುಮಾರು ಒಂದು ಯೂನಿಟ್. ಅಷ್ಟೇ. ನಮ್ಮ ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕಿನ ನೀರನ್ನು ಹತ್ತು ಮೀಟರ್ ಕೆಳಗೆ ಬಿಟ್ಟರೆ ಒಂದು ಯೂನಿಟ್ಟಿನ ನಲವತ್ತನೇ ಒಂದು ಭಾಗ ಸಿಗುತ್ತದೆ. ಹಾಗಾಗಿ ಜಲವಿದ್ಯುತ್ತಿಗೆ ಎತ್ತರವೇ ಆಸ್ತಿ. ಪಶ್ಚಿಮ ಘಟ್ಟದ ಅಂಚಿನಲ್ಲಿ ನದಿಗಳು ದಿಢೀರನೆ ಕೆಳಗಿಳಿಯುವುದರಿಂದಲೇ ಶರಾವತಿ, ಕಾಳಿ, ವಾರಾಹಿ ನಮ್ಮ ವಿದ್ಯುತ್ ನದಿಗಳಾದವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವ್ಯಾಟ್.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ. ಅದು ಶಿವನಸಮುದ್ರಕ್ಕೆ ಹತ್ತಿರದ ಊರು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ನೀರನ್ನು ತಳ್ಳಬೇಕು. ಪಂಪು, ಪೈಪಿನ ನಷ್ಟ ಸೇರಿಸಿದರೆ ಪ್ರತಿ ಸಾವಿರ ಲೀಟರಿಗೆ ಸುಮಾರು ಎರಡು ಯೂನಿಟ್ ಬೇಕು. ನಲ್ಲಿ ತಿರುಗಿಸಿದಾಗ ಬರುವುದು ನೀರಷ್ಟೇ ಅಲ್ಲ, ಅದರೊಳಗೆ ಕರೆಂಟೂ ಇದೆ. ಊರು ನದಿಗಿಂತ ಅಷ್ಟು ಎತ್ತರದಲ್ಲಿ ಕೂತಿರುವುದಕ್ಕೆ ನಾವು ದಿನಾ ಕೊಡುತ್ತಿರುವ ಬೆಲೆ ಇದು.

ಜಲವಿದ್ಯುತ್ತಿನ ದೊಡ್ಡ ಗುಣ ಅದರ ಚುರುಕು. ಗೇಟು ತೆರೆದರೆ ಕೆಲವೇ ನಿಮಿಷದಲ್ಲಿ ಟರ್ಬೈನ್ ವೇಗಕ್ಕೆ ಬರುತ್ತದೆ. ಬೇಡವಾದಾಗ ಅಷ್ಟೇ ಬೇಗ ನಿಲ್ಲಿಸಬಹುದು, ಉಳಿದ ನೀರು ನಾಳೆಗೆ ಇರುತ್ತದೆ. ಕಟ್ಟಿದ ಸಾಲ ಎಂದೋ ತೀರಿರುವುದರಿಂದ ಶರಾವತಿಯ ಕರೆಂಟು ಯೂನಿಟ್ಟಿಗೆ ಒಂದು ರೂಪಾಯಿಗೂ ಕಡಿಮೆ ಬೀಳುತ್ತದೆ. ಆದರೆ ಈ ಅಗ್ಗದ ದರದಲ್ಲಿ ಸೇರದ ಒಂದು ಬಾಕಿ ಇದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ಮನೆ, ಗದ್ದೆ ಕಳೆದುಕೊಂಡ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಮಂದಿ ದಶಕಗಳ ನಂತರವೂ ತಮಗೆ ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಅಲೆದಿದ್ದಾರೆ. ನಾಡಿಗೆ ಬೆಳಕು ಕೊಟ್ಟವರನ್ನು ಹೀಗೆ ಕಾಯಿಸಿದ್ದು ತಪ್ಪು. ಯಾವ ಹೋಲಿಕೆ ಪಟ್ಟಿ ಮಾಡಿದರೂ ಇದಕ್ಕೊಂದು ಸಾಲು ಇರಲೇಬೇಕು.

ಕಲ್ಲಿದ್ದಲು, ಮತ್ತು ಕೈಗಾ

ಮಳೆ ಕೈಕೊಟ್ಟ ವರ್ಷ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ರಾಯಚೂರಿನ ಶಕ್ತಿನಗರ. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಆಮೇಲೆ ಬಳ್ಳಾರಿಯಲ್ಲಿ 1,700, ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಬಂದವು. ಕೂಡಗಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯದು 2,400.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಮೂರನೇ ಒಂದು ಭಾಗಕ್ಕೂ ಹೆಚ್ಚು. ಒಂದು ಯೂನಿಟ್ಟಿಗೆ ಸುಮಾರು 600ರಿಂದ 700 ಗ್ರಾಂ ಸುಡಬೇಕು. 210 ಮೆಗಾವ್ಯಾಟಿನ ಒಂದು ಘಟಕ ಇಡೀ ದಿನ ಪೂರ್ತಿ ಬಲದಲ್ಲಿ ನಡೆದರೆ ಮೂರು ಸಾವಿರ ಟನ್ನಿಗೂ ಮೀರಿ ಬೇಕಾಗುತ್ತದೆ. ಒಂದು ಗೂಡ್ಸ್ ರೈಲಿನ ರೇಕಿನಲ್ಲಿ ಹೆಚ್ಚೆಂದರೆ ನಾಲ್ಕು ಸಾವಿರ ಟನ್ ಬರುತ್ತದೆ. ಹಾಗಾಗಿ ಶಕ್ತಿನಗರ ಪೂರ್ತಿ ನಡೆಯಬೇಕಾದರೆ ದಿನಕ್ಕೆ ಏಳೆಂಟು ರೇಕು ಬಂದು ಸುರಿಯಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರದ ಗಣಿಗಳಿಂದ ತರಬೇಕು. ಗಣಿಯಲ್ಲಿ ನೀರು ನಿಂತರೆ, ರೈಲು ತಡವಾದರೆ ಬೆಂಗಳೂರಿನಲ್ಲಿ ಅದರ ಬಿಸಿ ತಟ್ಟುತ್ತದೆ.

ಸುಟ್ಟ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕರೆಂಟಾಗುತ್ತದೆ. ಉಳಿದದ್ದು ತಣಿಸುವ ಗೋಪುರದಿಂದ ಆವಿಯಾಗಿ, ಚಿಮಣಿಯಿಂದ ಬಿಸಿಯಾಗಿ ಹೋಗುತ್ತದೆ. ಯರಮರಸ್‌ನಂಥ ಸೂಪರ್‌ಕ್ರಿಟಿಕಲ್ ಘಟಕಗಳು ಸ್ವಲ್ಪ ವಾಸಿ, ಅಲ್ಲಿ ಹೆಚ್ಚು ಒತ್ತಡದ, ಹೆಚ್ಚು ಬಿಸಿಯ ಹಬೆ ಬಳಸುತ್ತಾರೆ. ಚುರುಕಿನ ವಿಷಯದಲ್ಲಿ ಕಲ್ಲಿದ್ದಲು ಘಟಕ ಬಹಳ ಮಂದ. ತಣ್ಣಗಾದ ಬಾಯ್ಲರನ್ನು ಮತ್ತೆ ಪೂರ್ತಿ ಬಲಕ್ಕೆ ತರಲು ಹಲವು ಗಂಟೆ ಬೇಕು. ಪೂರ್ತಿ ಆರಿಸುವ ಬದಲು ಅರ್ಧಕ್ಕೆ ಇಳಿಸಿ ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನ ಬಿಸಿಲಿನ ಕರೆಂಟು ತುಂಬಿ ಹರಿಯುವಾಗಲೂ ರಾಯಚೂರಿನ ಚಿಮಣಿಯಲ್ಲಿ ಹೊಗೆ ಕಾಣುವುದು ಇದಕ್ಕೇ: ಸಂಜೆ ಬೇಕಾಗುತ್ತದೆ, ಆಗ ಹೊತ್ತಿಸಿದರೆ ತಡವಾಗುತ್ತದೆ.

ಕಾರವಾರದ ಹತ್ತಿರದ ಕೈಗಾ ಅಣು ವಿದ್ಯುತ್ ಸ್ಥಾವರ ಇನ್ನೊಂದು ತುದಿ. 220 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 880. ಅದರ ಮೊದಲ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಲ್ಲಿ ಬಳಸುವ ಒಂದು ಕಿಲೋ ಯುರೇನಿಯಂ ಸುಮಾರು 30 ಟನ್ ಕಲ್ಲಿದ್ದಲಿನ ಕೆಲಸ ಮಾಡುತ್ತದೆ. ಹೊಗೆಯಿಲ್ಲ, ಮಳೆಯ ಹಂಗಿಲ್ಲ, ರೈಲಿನ ಹಂಗೂ ಇಲ್ಲ. ಆದರೆ ಕಟ್ಟಲು ಬಹಳ ವರ್ಷ, ಬಹಳ ಹಣ. ಬಳಸಿದ ಇಂಧನವನ್ನು ತಲೆಮಾರುಗಳ ಕಾಲ ಜೋಪಾನ ಮಾಡಬೇಕು. ಇದನ್ನು ಏರಿಸಿ ಇಳಿಸಿ ಆಡಿಸುವುದೂ ಇಲ್ಲ, ಒಂದೇ ಸಮನೆ ನಡೆಯುವುದೇ ಅದರ ಕೆಲಸ.

ಬಿಸಿಲು, ಗಾಳಿ

ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ತಾಲ್ಲೂಕು. ಅದೇ ಬಿಸಿಲು, ಅದೇ ಬರಡು ನೆಲ ಶಕ್ತಿಸ್ಥಳ ಸೌರ ಪಾರ್ಕಿಗೆ ಒದಗಿತು. ತಿರುಮಣಿ, ವಳ್ಳೂರು, ಬಾಲಸಮುದ್ರದ ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಭೂಮಿ ಕಿತ್ತುಕೊಳ್ಳದೆ ಯೋಜನೆ ಮಾಡಬಹುದು ಎಂದು ತೋರಿಸಿದ್ದು ನಿಜಕ್ಕೂ ದೊಡ್ಡ ವಿಷಯ. ಆದರೆ ಗುತ್ತಿಗೆ ಹಣ ಸಿಕ್ಕಿದ್ದು ಜಮೀನು ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಲಾಭ ತಲುಪಲಿಲ್ಲ.

ಈಗ ಒಂದು ಲೆಕ್ಕ. ಪಾವಗಡ 2,050 ಮೆಗಾವ್ಯಾಟ್, ಕೈಗಾ 880. ಯಾವುದು ದೊಡ್ಡದು? ಅಂಕಿ ನೋಡಿದರೆ ಪಾವಗಡ. ಆದರೆ ರಾತ್ರಿ ಇದೆ, ಮೋಡ ಇದೆ, ಬೆಳಗ್ಗೆ ಸಂಜೆ ಬಿಸಿಲು ಓರೆಯಾಗಿ ಬೀಳುತ್ತದೆ. ವರ್ಷದ ಸರಾಸರಿ ತೆಗೆದರೆ ಸೌರ ಫಲಕ ತನ್ನ ಪೂರ್ತಿ ಬಲದ ಐದನೇ ಒಂದು ಭಾಗದಷ್ಟು ಮಾತ್ರ ದುಡಿಯುತ್ತದೆ. ಕೈಗಾ ಶೇ 85ರ ಹತ್ತಿರ ದುಡಿದರೂ ಸಾಕು, ವರ್ಷಕ್ಕೆ ಅದು ಕೊಡುವ ಯೂನಿಟ್ಟುಗಳು ಪಾವಗಡದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಪತ್ರಿಕೆಯಲ್ಲಿ ಇಷ್ಟು ಮೆಗಾವ್ಯಾಟ್ ಸೇರ್ಪಡೆ ಎಂದು ಓದಿದಾಗಲೆಲ್ಲ ಯಾವ ಮೂಲದ ಮೆಗಾವ್ಯಾಟ್ ಎಂದು ನೋಡಬೇಕು.

ಹಾಗಂತ ಸೋಲಾರ್ ಸುಮ್ನೆ ಶೋಕಿಯಲ್ಲ. ಇವತ್ತು ಹೊಸದಾಗಿ ಕಟ್ಟುವ ದೊಡ್ಡ ಸೌರ ಸ್ಥಾವರದ ಕರೆಂಟು ಎರಡೂವರೆಯಿಂದ ಮೂರು ರೂಪಾಯಿಗೆ ಸಿಗುತ್ತದೆ. ಹೊಸ ಕಲ್ಲಿದ್ದಲು ಘಟಕದ್ದು ಐದೂವರೆ, ಆರು ರೂಪಾಯಿ. ಬಿಸಿಲಿಗೆ ರೇಕು ಕಾಯಬೇಕಿಲ್ಲ. ಇನ್ನೊಂದು ಒಳ್ಳೆಯ ಪರಿಣಾಮ ಬೆಂಗಳೂರಿನವರ ಕಣ್ಣಿಗೆ ಬೀಳದೇ ಹೋಗಬಹುದು. ರಾಜ್ಯದ ಕರೆಂಟಿನಲ್ಲಿ ಮೂರನೇ ಒಂದು ಭಾಗದಷ್ಟು ರೈತರ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. ಮೊದಲು ಪಂಪು ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಎಷ್ಟೋ ಕಡೆ ನಡುರಾತ್ರಿ. ಹಾವು ಚೇಳಿನ ಭಯದಲ್ಲಿ ಟಾರ್ಚು ಹಿಡಿದು ಗದ್ದೆಗೆ ಹೋಗಬೇಕಿತ್ತು. ಹಗಲಿನ ಸೌರ ಕರೆಂಟು ಹೆಚ್ಚಿದ ಮೇಲೆ ಪಂಪ್‌ಸೆಟ್ ಲೋಡನ್ನು ಹಗಲಿಗೆ ತರಲು ಸಾಧ್ಯವಾಯಿತು. ಇದು ಹಣದ ಲೆಕ್ಕಕ್ಕಿಂತ ದೊಡ್ಡ ಲಾಭ ಎಂದು ನನಗನ್ನಿಸುತ್ತದೆ.

ಗಾಳಿಯ ಸ್ವಭಾವ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಬಯಲಿನಲ್ಲಿ ಕಾಣುವ ಗಾಳಿಯಂತ್ರಗಳಿಗೆ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದಕ್ಕೇ ಮುಂಗಾರಿನ ಬೀಸುಗಾಳಿಯಲ್ಲಿ ಯಂತ್ರಗಳು ಭರ್ಜರಿಯಾಗಿ ದುಡಿದು, ಮಾರ್ಚ್ ಏಪ್ರಿಲ್‌ನಲ್ಲಿ ಹೆಚ್ಚಿನ ಹೊತ್ತು ಸುಮ್ಮನೆ ನಿಂತಿರುತ್ತವೆ. ಮೋಡ ಕವಿದು ಸೋಲಾರ್ ಇಳಿದಾಗ ಗಾಳಿ ಏರುತ್ತದೆ, ಸಂಜೆಯ ಮೇಲೂ ಬೀಸುತ್ತದೆ. ಎರಡೂ ಒಂದಕ್ಕೊಂದು ಜೊತೆ ಕೊಡುತ್ತವೆ.

ಬೆಂಗಳೂರಿನ ಅಂಚಿನಲ್ಲೇ ಇನ್ನೆರಡು ಘಟಕಗಳಿವೆ. ಯಲಹಂಕದಲ್ಲಿ ಹಳೆಯ ಡೀಸೆಲ್ ಘಟಕವಿದ್ದ ಕಡೆ 370 ಮೆಗಾವ್ಯಾಟಿನ ಅನಿಲ ಸ್ಥಾವರ ಬಂದಿದೆ. ಅನಿಲ ದುಬಾರಿ, ಆದರೆ ಕಲ್ಲಿದ್ದಲಿಗಿಂತ ಬೇಗ ಹೊತ್ತುತ್ತದೆ. ಬಿಡದಿಯಲ್ಲಿ ಊರಿನ ಕಸ ಸುಟ್ಟು ಕರೆಂಟು ಮಾಡುವ 11.5 ಮೆಗಾವ್ಯಾಟಿನ ಘಟಕವಿದೆ. ಅದು ಕಸಕ್ಕೆ ಒಂದು ದಾರಿ, ಕರೆಂಟಿನ ಲೆಕ್ಕದಲ್ಲಿ ತೀರಾ ಚಿಕ್ಕದು.

2023ರಲ್ಲಿ ಆದದ್ದು

ಇವೆಲ್ಲ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಆ ವರ್ಷ ಎಲ್ಲರಿಗೂ ಗೊತ್ತಾಯಿತು. ಸಾಮಾನ್ಯವಾಗಿ ಆಗಸ್ಟ್ ನಮ್ಮ ರಾಜ್ಯದಲ್ಲಿ ಕರೆಂಟಿನ ನಿರಾಳ ಕಾಲ. ಮಳೆ ಬರುತ್ತದೆ, ಪಂಪ್‌ಸೆಟ್ಟುಗಳು ನಿಲ್ಲುತ್ತವೆ, ಗಾಳಿಯಂತ್ರ ತಿರುಗುತ್ತವೆ, ಜಲಾಶಯ ತುಂಬುತ್ತದೆ. ಕಲ್ಲಿದ್ದಲು ಘಟಕಗಳನ್ನು ವಾರ್ಷಿಕ ರಿಪೇರಿಗೆ ಬಿಡಿಸಿಕೊಳ್ಳುವುದೂ ಆಗಲೇ. 2023ರಲ್ಲಿ ಮಳೆ ಬರಲಿಲ್ಲ. ಮುಂದೆ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಬೆಳೆ ಉಳಿಸಲು ರೈತರು ಪಂಪ್ ಹಾಕಿದರು. ಬೇಡಿಕೆ ಬೇಸಿಗೆಯಷ್ಟು ಏರಿತು, ಜಲಾಶಯದಲ್ಲಿ ನೀರು ಕಡಿಮೆ, ಇದ್ದದ್ದನ್ನು ಕುಡಿಯಲಿಕ್ಕೂ ಮುಂದಿನ ಬೇಸಿಗೆಗೂ ಉಳಿಸಬೇಕು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ಕರೆಂಟನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಎಂದು ಆದೇಶಿಸಬೇಕಾಯಿತು. ಮರುವರ್ಷದ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು.

ಆ ವರ್ಷ ಯಾವ ಮೂಲ ಅಗ್ಗ ಎಂಬ ಪ್ರಶ್ನೆಯೇ ಏಳಲಿಲ್ಲ. ಸಂಜೆ ಏಳಕ್ಕೆ ಯಾವುದು ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ. ಆಗ ಆಸರೆಯಾದದ್ದು ಕಲ್ಲಿದ್ದಲು, ಕೈಗಾ, ಮತ್ತು ಹೊರಗಿನಿಂದ ಕೊಂಡ ಕರೆಂಟು. ಹೊರಗಿನಿಂದ ಇಷ್ಟು ಸಲೀಸಾಗಿ ತರಲು ಒಂದು ಕಾರಣ, 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಜೋಡಣೆಯಾದದ್ದು.

ಹಾಗಾದರೆ ಕಲ್ಲಿದ್ದಲೇ ಇರಲಿ ಎನ್ನಬೇಕೆ? ಇಲ್ಲ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ (ಐಪಿಸಿಸಿ) 2014ರಲ್ಲಿ ಕೊಟ್ಟ ಅಂದಾಜು ನೋಡಿ. ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲ ಸೇರಿಸಿದರೆ ಒಂದು ಯೂನಿಟ್ಟಿಗೆ ಕಲ್ಲಿದ್ದಲಿನಿಂದ 820 ಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ, ಅನಿಲದಿಂದ 490. ಸೋಲಾರ್ 50ರ ಒಳಗೆ, ನೀರು 24, ಗಾಳಿ ಮತ್ತು ಅಣು ಹತ್ತು ಹನ್ನೆರಡರ ಸುತ್ತ. ಇದರ ಜೊತೆಗೆ ಶಕ್ತಿನಗರದ ಅಕ್ಕಪಕ್ಕದ ಊರುಗಳ ಮೇಲೆ ಬೀಳುವ ಹಾರುಬೂದಿ ಇದೆ. ನಮ್ಮ ರಾತ್ರಿಯ ಎಸಿಯ ಹೊಗೆಯನ್ನು ಉಸಿರಾಡುವವರು ಬೆಂಗಳೂರಿನಿಂದ 400 ಕಿಲೋಮೀಟರ್ ಆಚೆ ಇದ್ದಾರೆ.

ಸಂಜೆಗೆ ಬಿಸಿಲನ್ನು ಉಳಿಸುವುದು

ಹಾಗಾಗಿ ಈಗಿನ ನಿಜವಾದ ಪೈಪೋಟಿ ಕಲ್ಲಿದ್ದಲಿಗೂ ಬರೀ ಸೋಲಾರಿಗೂ ಅಲ್ಲ. ಕಲ್ಲಿದ್ದಲಿಗೂ, ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಎತ್ತಿಡುವ ವ್ಯವಸ್ಥೆಗೂ. ದಾರಿ ಎರಡು. ಒಂದು ಬ್ಯಾಟರಿ. ಅದರ ಬೆಲೆ ಕೆಲವು ವರ್ಷಗಳಿಂದ ಜೋರಾಗಿ ಇಳಿಯುತ್ತಿದೆ, ಎರಡು ನಾಲ್ಕು ಗಂಟೆಯ ಸಂಜೆ ಬೇಡಿಕೆಗೆ ಅದು ಹೊಂದುತ್ತದೆ. ಇನ್ನೊಂದು ಪಂಪ್ಡ್ ಸ್ಟೋರೇಜ್: ಕೆಳಗೊಂದು ಮೇಲೊಂದು ಜಲಾಶಯ, ಹಗಲು ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಕ್ಕೆ ಬಿಡುವುದು. ನಾಲ್ಕು ಯೂನಿಟ್ ಹಾಕಿದರೆ ಸುಮಾರು ಮೂರು ವಾಪಸ್ ಬರುತ್ತದೆ.

ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥದ್ದೊಂದು ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಎರಡೂ ಜಲಾಶಯ ಈಗಾಗಲೇ ಇವೆ ಎಂಬುದು ಅದರ ಪರವಾದ ಮಾತು. ಆದರೆ ಸುರಂಗ, ರಸ್ತೆ, ತಂತಿ ಹೋಗಬೇಕಾದದ್ದು ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದೊಳಗೆ. ನನ್ನ ನಿಲುವು ಹೇಳುತ್ತೇನೆ. ಗ್ರಿಡ್‌ಗೆ ಸಂಗ್ರಹ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಟರಿಯನ್ನು ಬೆಂಗಳೂರಿನ ಸಬ್‌ಸ್ಟೇಷನ್ ಪಕ್ಕದಲ್ಲೇ ಇಡಬಹುದು, ಕಡಿದ ಮಳೆಕಾಡನ್ನು ಎಲ್ಲಿಯೂ ಮತ್ತೆ ಇಡಲಾಗದು. ಒಮ್ಮೆ ಆ ಕಣಿವೆಯ ಜನರಿಂದ, ಕಾಡಿನಿಂದ ತ್ಯಾಗ ಕೇಳಿಯಾಗಿದೆ. ಇನ್ನೊಮ್ಮೆ ಕೇಳುವ ಮೊದಲು ಬೇರೆ ದಾರಿಗಳನ್ನೆಲ್ಲ ಮುಗಿಸಬೇಕು.

ಬೇರೆ ದಾರಿಗಳಲ್ಲಿ ಅತ್ಯಂತ ಅಗ್ಗದ್ದು ಬಳಕೆಯ ಹೊತ್ತನ್ನೇ ಬದಲಿಸುವುದು. ದೊಡ್ಡ ಕಾರ್ಖಾನೆಗಳಿಗೆ ಸಂಜೆ 6ರಿಂದ 10ರವರೆಗೆ ಹೆಚ್ಚುವರಿ ದರ ಹಾಕಿ ಈ ಕೆಲಸವನ್ನು ಮಾಡಿಸುವ ರೂಢಿ ಮೊದಲಿನಿಂದ ಇದೆ. ಮನೆಗಳಲ್ಲಿ ಅಂಥ ಒತ್ತಾಯವಿಲ್ಲ, ಆದರೆ ಅವಕಾಶ ಬೇಕಾದಷ್ಟಿದೆ. ಬೆಂಗಳೂರಿನ ತಾರಸಿಗಳ ಮೇಲಿರುವ ಸೋಲಾರ್ ವಾಟರ್ ಹೀಟರನ್ನೇ ನೋಡಿ. ಮಧ್ಯಾಹ್ನದ ಬಿಸಿಲನ್ನು ಮರುದಿನ ಬೆಳಗಿನ ಸ್ನಾನಕ್ಕೆ ಎತ್ತಿಡುತ್ತದೆ. ಅದೂ ಒಂದು ಬ್ಯಾಟರಿಯೇ, ಅಲ್ವಾ? ಲಕ್ಷ ಮನೆಯಲ್ಲಿ ಇದ್ದರೆ ಆ 200 ಮೆಗಾವ್ಯಾಟ್ ಬೆಳಗಿನ ಲೋಡ್ ಹುಟ್ಟುವುದೇ ಇಲ್ಲ.

ತಾರಸಿಯಲ್ಲಿ ಮುನ್ನೂರು ಚದರಡಿ ನೆರಳಿಲ್ಲದ ಜಾಗವಿದ್ದರೆ ಮೂರು ಕಿಲೋವ್ಯಾಟ್ ಫಲಕ ಕೂರಿಸಬಹುದು. ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವಿದೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಗೆ ಇದರಿಂದ ಹಣದ ಲಾಭ ಕಡಿಮೆ. ಜಾಸ್ತಿ ಬಳಸುವ ಮನೆ, ಅಂಗಡಿ, ಕಲ್ಯಾಣ ಮಂಟಪ, ಶಾಲೆಗಳಿಗೆ ಬೇಗ ಗಿಟ್ಟುತ್ತದೆ.

ಅಪಾರ್ಟ್‌ಮೆಂಟಿನವರಿಗೆ ಇನ್ನೂ ಸುಲಭದ್ದೊಂದಿದೆ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟರ್, ಬೋರ್‌ವೆಲ್ ಮೋಟರ್, ಕೊಳಚೆ ನೀರು ಶುದ್ಧ ಮಾಡುವ ಘಟಕದ ಪಂಪುಗಳಲ್ಲಿ ಹೊತ್ತು ಬದಲಿಸಲು ಆಗುವಂಥವು, ಇವೆಲ್ಲ ಬೆಳಗ್ಗೆ ಆರೇಳಕ್ಕೇ ನಡೆಯಬೇಕೆಂದಿಲ್ಲ. ಒಂದು ಟೈಮರ್ ಹಾಕಿಸಿ ಹನ್ನೊಂದರಿಂದ ಮೂರರ ನಡುವೆ ಓಡಿಸಿದರೆ ಟ್ಯಾಂಕು ಸಂಜೆಗೂ ಮರುದಿನ ಬೆಳಗ್ಗೆಗೂ ತುಂಬಿರುತ್ತದೆ. ಕಾರು, ಸ್ಕೂಟರನ್ನು ಆಫೀಸಿನ ಪಾರ್ಕಿಂಗಿನಲ್ಲಿ ಹಗಲು ಚಾರ್ಜ್ ಮಾಡುವ ಅನುಕೂಲ ಇದ್ದವರು ಅದನ್ನೇ ಬಳಸಬಹುದು. ರಾತ್ರಿಯೇ ಮಾಡಬೇಕಾದರೆ ಮನೆಗೆ ಬಂದ ಕೂಡಲೇ ಏಳಕ್ಕೆ ಪ್ಲಗ್ ಚುಚ್ಚುವ ಬದಲು ಹನ್ನೊಂದರ ಮೇಲೆ ಶುರುವಾಗುವಂತೆ ಇಟ್ಟರಾಯಿತು. ಮೀಟರಿನಲ್ಲಿ ಓಡುವ ಯೂನಿಟ್ ಅಷ್ಟೇ ಇರುತ್ತದೆ. ಆದರೆ ಸಂಜೆಯ ಪೀಕ್‌ಗಾಗಿ ಎಬ್ಬಿಸಿಡಬೇಕಾದ ಬಾಯ್ಲರಿನ ಮೇಲಿನ ಲೋಡ್ ಅಷ್ಟರ ಮಟ್ಟಿಗೆ ಇಳಿಯುತ್ತದೆ.